ಶಿವಮೊಗ್ಗದಲ್ಲಿ ಭಾನುವಾರದ ದೂರದ ಓಟ: ಗುಂಪು ಕಟ್ಟಿ ನಡೆಸುವವರಿಗೊಂದು ಮಾರ್ಗದರ್ಶಿ

ವಾರಕ್ಕೊಮ್ಮೆ ಹತ್ತಿಪ್ಪತ್ತು ಜನ ಒಟ್ಟಾಗಿ ಊರಿನ ರಸ್ತೆಗಳಲ್ಲಿ ಹತ್ತರಿಂದ ಇಪ್ಪತ್ತು ಕಿಲೋಮೀಟರ್ ಓಡುವ ಏರ್ಪಾಡಿಗೆ ದೊಡ್ಡ ಬಂಡವಾಳವೇನೂ ಬೇಡ. ಕಾಲಿಗೆ ಹೊಂದುವ ಶೂ, ಬೆಳಗಿನ ಜಾವ ಏಳುವ ಮನಸ್ಸು ಮತ್ತು ಅಳೆದಿಟ್ಟ ಒಂದು ದಾರಿ ಇದ್ದರೆ ಮೊದಲ ವಾರದ ಓಟ ನಡೆದುಹೋಗುತ್ತದೆ. ಅದೇ ಓಟವನ್ನು ಮಳೆಗಾಲ ದಾಟಿಸಿ ಮುಂದಿನ ಬೇಸಿಗೆಯವರೆಗೆ ತಪ್ಪದೆ ನಡೆಸುವುದು ಬೇರೆಯೇ ಕೆಲಸ. ಸಾಮಾನ್ಯವಾಗಿ ಇಂಥ ಗುಂಪುಗಳಲ್ಲಿ ದಾರಿ, ದೂರ, ಹೊರಡುವ ಹೊತ್ತು ಎಲ್ಲವನ್ನೂ ಮುಂದೆ ಓಡುವ ನಾಲ್ಕೈದು ಜನ ತಮ್ಮ ಅನುಕೂಲಕ್ಕೆ ತಕ್ಕಂತೆ ಗೊತ್ತುಮಾಡುತ್ತಾರೆ. ಎಲ್ಲರಿಗಿಂತ ಹಿಂದೆ ಉಳಿದು, ಕತ್ತಲಲ್ಲಿ ಒಬ್ಬರೇ ಓಡಿ, ಬಂದು ಸೇರುವ ಹೊತ್ತಿಗೆ ಉಳಿದವರೆಲ್ಲ ತಿಂಡಿ ಮುಗಿಸಿ ಮನೆಗೆ ಹೊರಟಿರುವುದನ್ನು ಕಂಡ ಹೊಸಬರು ಮರುವಾರ ಬರುವುದಿಲ್ಲ. ಆದ್ದರಿಂದ ಎಲ್ಲ ತೀರ್ಮಾನಗಳನ್ನೂ ಕೊನೆಯಲ್ಲಿ ಓಡುವವರನ್ನು ಮುಂದಿಟ್ಟುಕೊಂಡು ಮಾಡಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಮುಂದಿನ ವಿವರಗಳೆಲ್ಲ ಅದನ್ನೇ ಆಧರಿಸಿವೆ.

ದಿನ, ಹೊತ್ತು ಮತ್ತು ಸೇರುವ ಜಾಗ

ಮೊದಲು ಈ ಮೂರನ್ನು ಗೊತ್ತುಮಾಡಿ, ಚಳಿಗಾಲಕ್ಕೆ ಹೊತ್ತು ಬದಲಿಸುವುದೊಂದನ್ನು ಬಿಟ್ಟು, ಕನಿಷ್ಠ ಆರು ತಿಂಗಳು ಬದಲಿಸದೆ ಇಡಬೇಕು. ಭಾನುವಾರವೇ ಸೂಕ್ತ, ಸರ್ಕಾರಿ ನೌಕರರಿಗೂ ವಿದ್ಯಾರ್ಥಿಗಳಿಗೂ ಅಂದು ರಜೆ, ರಸ್ತೆಗಳೂ ಬಿಡುವಾಗಿರುತ್ತವೆ. ಸೇರುವ ಜಾಗ ಎಲ್ಲರಿಗೂ ಗೊತ್ತಿರುವಂಥದ್ದು, ದೀಪವಿರುವಂಥದ್ದು, ವಾಹನ ನಿಲ್ಲಿಸಲು ಸ್ಥಳವಿರುವಂಥದ್ದು ಆಗಿರಬೇಕು. ಶಿವಮೊಗ್ಗದಲ್ಲಿ ನೆಹರು ಕ್ರೀಡಾಂಗಣದ ಮುಂಭಾಗ ಅಥವಾ ಹಳೆಯ ಜೈಲಿನ ಆವರಣದಲ್ಲಿರುವ ಅಲ್ಲಮಪ್ರಭು ಫ್ರೀಡಂ ಪಾರ್ಕ್ ಇದಕ್ಕೆ ಹೊಂದುತ್ತವೆ. ಶೌಚಾಲಯ ಎಷ್ಟು ಹೊತ್ತಿಗೆ ತೆರೆದಿರುತ್ತದೆ ಎಂಬುದನ್ನು ಮೊದಲೇ ಹೋಗಿ ನೋಡಿ ಬರಬೇಕು. ಇದು ಸಣ್ಣ ವಿಷಯದಂತೆ ಕಂಡರೂ ಮಹಿಳೆಯರು ಗುಂಪಿನಲ್ಲಿ ಉಳಿಯುವುದು ಬಹಳ ಮಟ್ಟಿಗೆ ಇದನ್ನೇ ಅವಲಂಬಿಸಿದೆ.

ಹೊರಡುವ ಹೊತ್ತನ್ನು ಸೂರ್ಯೋದಯ ನೋಡಿ ನಿರ್ಧರಿಸುವುದು ಒಳ್ಳೆಯದು. ನಮ್ಮಲ್ಲಿ ಮೇ ತಿಂಗಳ ಕೊನೆಗೆ ಆರು ಗಂಟೆಯ ಆಸುಪಾಸಿನಲ್ಲಿ ಸೂರ್ಯ ಹುಟ್ಟಿದರೆ, ಜನವರಿಯಲ್ಲಿ ಏಳಕ್ಕೆ ಕೆಲವೇ ನಿಮಿಷ ಮುಂಚೆ ಹುಟ್ಟುತ್ತಾನೆ. ಬೇಸಿಗೆಯಲ್ಲಿ ಐದೂವರೆಗೆ ಹೊರಟರೆ ಬಿಸಿಲೇರುವ ಮೊದಲೇ ಹೆಚ್ಚಿನ ದಾರಿ ಮುಗಿದಿರುತ್ತದೆ. ಚಳಿಗಾಲದಲ್ಲಿ ಅದೇ ಹೊತ್ತಿಗೆ ಹೊರಟರೆ ಒಂದು ಗಂಟೆಗೂ ಮೀರಿ ಮಬ್ಬಿನಲ್ಲೇ ಓಡಬೇಕಾದ್ದರಿಂದ, ನವೆಂಬರಿನಿಂದ ಫೆಬ್ರವರಿಯವರೆಗೆ ಆರೂಕಾಲಕ್ಕೆ ಹೊರಡುವುದು ವಾಸಿ. ಈ ಎರಡು ವೇಳೆಗಳ ಹೊರತು ಮೂರನೆಯದು ಬೇಡ. ಹೇಳಿದ ಹೊತ್ತಿಗೆ ಹೊರಡಲೇಬೇಕು. ತಡವಾಗಿ ಬರುವವರಿಗಾಗಿ ಒಂದು ವಾರ ಹತ್ತು ನಿಮಿಷ ಕಾದರೆ ಮರುವಾರ ಸಮಯಕ್ಕೆ ಬರುವವರೂ ತಡ ಮಾಡುತ್ತಾರೆ.

ದಾರಿ ಅಳೆಯುವುದು

ಅತಿ ಹೆಚ್ಚು ಯೋಚನೆ ಬೇಡುವ ಭಾಗ ಇದು. ದಾರಿಯನ್ನು ನಕ್ಷೆಯಲ್ಲಿ ಗುರುತಿಸಿದ ಮೇಲೆ ಒಮ್ಮೆ ಬೈಕಿನಲ್ಲಿಯೂ ಇನ್ನೊಮ್ಮೆ ಓಡಿಯೂ, ಗುಂಪು ಹೊರಡುವ ಹೊತ್ತಿಗೇ ಹೋಗಿ ನೋಡಬೇಕು. ಬೆಳಿಗ್ಗೆ ಎಂಟು ಗಂಟೆಗೆ ಚೆನ್ನಾಗಿಯೇ ಕಾಣುವ ರಸ್ತೆಯಲ್ಲಿ ಐದೂವರೆಗೆ ಬೀದಿದೀಪವೇ ಉರಿಯುತ್ತಿಲ್ಲದಿರಬಹುದು, ಮುಚ್ಚಳವಿಲ್ಲದ ಚರಂಡಿ ಕಣ್ಣಿಗೆ ಬೀಳದಿರಬಹುದು, ಮಾಂಸದಂಗಡಿಯ ಮುಂದೆ ನಾಯಿಗಳ ಹಿಂಡು ಮಲಗಿರಬಹುದು. ದೂರವನ್ನು ಜಿಪಿಎಸ್ ಗಡಿಯಾರದಲ್ಲಾಗಲಿ ಮೊಬೈಲಿನಲ್ಲಾಗಲಿ ಅಳೆದು, ಪ್ರತಿ ಎರಡು ಕಿಲೋಮೀಟರಿಗೆ ಒಂದು ಗುರುತನ್ನು ಬರೆದಿಟ್ಟುಕೊಳ್ಳಬೇಕು. ವೃತ್ತ, ಪೆಟ್ರೋಲ್ ಬಂಕ್, ದೇವಸ್ಥಾನ, ಶಾಲೆಯ ಗೇಟುಗಳಂಥ ಗುರುತುಗಳು ಫೋನಿನ ಚಾರ್ಜ್ ಮುಗಿದವರಿಗೂ ಉಪಯೋಗಕ್ಕೆ ಬರುತ್ತವೆ.

ದಾರಿಯ ಆಕಾರದಲ್ಲಿ ಮೂರು ಬಗೆಗಳಿವೆ. ಊರನ್ನೆಲ್ಲ ಒಂದೇ ಸುತ್ತಿನಲ್ಲಿ ಬಳಸಿ ಬರುವ ದೊಡ್ಡ ಸುತ್ತು ನೋಡಲು ಚೆಂದ; ಆದರೆ ಅದರ ನಡುವೆ ಸುಸ್ತಾದವರು ಆಟೋ ಹುಡುಕಬೇಕಾಗುತ್ತದೆ. ಹೊಸ ಗುಂಪಿಗೆ ಅದನ್ನು ನಾನು ಸೂಚಿಸುವುದಿಲ್ಲ. ಎರಡನೆಯದು, ಸೇರುವ ಜಾಗವನ್ನೇ ನಡುವಾಗಿಟ್ಟುಕೊಂಡು ಹೂವಿನ ಎಸಳುಗಳಂತೆ ಮೂರು ಸಣ್ಣ ಸುತ್ತುಗಳನ್ನು ಜೋಡಿಸುವ ಕ್ರಮ. ಕ್ರೀಡಾಂಗಣದಿಂದ ಹೊರಟು ಅಮೀರ್ ಅಹ್ಮದ್ ವೃತ್ತದ ಮೂಲಕ ತುಂಗಾ ಸೇತುವೆ ದಾಟಿ ಸಹ್ಯಾದ್ರಿ ಕಾಲೇಜಿನವರೆಗೆ ಹೋಗಿ ಮರಳುವುದು ಒಂದು ಎಸಳು. ವಿನೋಬನಗರದ ನೂರಡಿ ರಸ್ತೆ ಹಿಡಿದು ಪೊಲೀಸ್ ಚೌಕಿಯ ಕಡೆಯಿಂದ ಬಳಸಿ ಬರುವುದು ಇನ್ನೊಂದು. ಕುವೆಂಪು ರಸ್ತೆ, ದುರ್ಗಿಗುಡಿ, ಗೋಪಿ ವೃತ್ತಗಳ ನಡುವಿನ ಚಿಕ್ಕ ಸುತ್ತು ಮೂರನೆಯದು. ಒಂದು ಎಸಳು ಓಡಿದವರು ಅಲ್ಲಿಗೇ ನಿಲ್ಲಿಸಬಹುದು, ಮೂರನ್ನೂ ಓಡುವವರು ನಡುವೆ ಎರಡು ಬಾರಿ ನೀರು ಕುಡಿದು ಮುಂದುವರಿಯಬಹುದು. ನೀರಿನ ಕ್ಯಾನನ್ನು ಒಂದೇ ಕಡೆ ಇಟ್ಟರೆ ಸಾಕು ಎಂಬುದು ಏರ್ಪಾಡು ಮಾಡುವವರ ಪಾಲಿನ ಲಾಭ.

ಮೂರನೆಯದು ನೇರ ರಸ್ತೆಯಲ್ಲಿ ಹೋಗಿ ಅದೇ ದಾರಿಯಲ್ಲಿ ಮರಳುವ ಕ್ರಮ. ಇದನ್ನು ದೂರದ ಬದಲು ಸಮಯದ ಮೇಲೆ ನಡೆಸಿದರೆ ವೇಗದವರನ್ನೂ ನಿಧಾನದವರನ್ನೂ ಒಂದೇ ಗುಂಪಿನಲ್ಲಿ ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಎಲ್ಲರೂ ಒಟ್ಟಿಗೆ ಹೊರಟು, ನಲವತ್ತೈದು ನಿಮಿಷವಾದ ಕೂಡಲೇ ಯಾರು ಎಲ್ಲಿದ್ದಾರೋ ಅಲ್ಲಿಂದಲೇ ಹಿಂದಕ್ಕೆ ತಿರುಗಬೇಕು. ಕಿಲೋಮೀಟರಿಗೆ ಆರು ನಿಮಿಷ ತೆಗೆದುಕೊಳ್ಳುವವರು ಅಷ್ಟರಲ್ಲಿ ಏಳೂವರೆ ಕಿಲೋಮೀಟರ್ ಹೋಗಿರುತ್ತಾರೆ, ಒಂಬತ್ತು ನಿಮಿಷ ತೆಗೆದುಕೊಳ್ಳುವವರು ಐದು ಕಿಲೋಮೀಟರ್ ಹೋಗಿರುತ್ತಾರೆ. ತಿರುಗಿದ ಮೇಲೆ ಹಿಂದಿದ್ದವರು ಮುಂದಾಗುತ್ತಾರೆ, ಮುಂದಿದ್ದವರು ಅವರನ್ನು ಅಟ್ಟಿಸಿಕೊಂಡು ಬರುತ್ತಾರೆ. ಎಲ್ಲರೂ ತಮ್ಮ ತಮ್ಮ ವೇಗ ಕಾಯ್ದುಕೊಂಡರೆ ಒಂದೂವರೆ ಗಂಟೆಗೆ ಸರಿಯಾಗಿ ಹೆಚ್ಚು ಕಡಿಮೆ ಒಟ್ಟಿಗೇ ಬಂದು ಸೇರುತ್ತಾರೆ. ಮೊದಲರ್ಧದಲ್ಲಿ ಹುಮ್ಮಸ್ಸಿನಿಂದ ಓಡಿ ಬಿಟ್ಟವರು ಮಾತ್ರ ತಡವಾಗುತ್ತಾರೆ. ಅವರಿಗೆ ಬೇರೆ ಪಾಠ ಹೇಳಬೇಕಾಗಿಲ್ಲ.

ಈ ಕ್ರಮಕ್ಕೆ ಸಾಗರ ರಸ್ತೆ ಮತ್ತು ಮಂಡ್ಲಿಯ ಮೂಲಕ ಸಾಗುವ ತೀರ್ಥಹಳ್ಳಿ ರಸ್ತೆ ಎರಡೂ ಒದಗುತ್ತವೆ. ತ್ಯಾವರೆಕೊಪ್ಪದ ಹುಲಿ ಸಿಂಹಧಾಮ ಊರಿನಿಂದ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿದೆ, ಗಾಜನೂರಿನ ತುಂಗಾ ಅಣೆಕಟ್ಟು ಹನ್ನೆರಡರ ಆಸುಪಾಸಿನಲ್ಲಿದೆ; ಆದ್ದರಿಂದ ಗಾಜನೂರಿಗೆ ಹೋಗಿ ಬಂದರೆ 21.0975 ಕಿಲೋಮೀಟರಿನ ಹಾಫ್ ಮ್ಯಾರಥಾನ್ ದೂರವನ್ನು ಮೀರುತ್ತದೆ. ಇವು ಹೆದ್ದಾರಿಗಳಾದ್ದರಿಂದ ಬೆಳಕು ಹರಿದ ಮೇಲಷ್ಟೇ ಊರಿನ ಎಲ್ಲೆ ದಾಟಬೇಕು. ವಾಹನ ಸಂಚಾರ ಕಡಿಮೆಯಿರಲಿ ಎನ್ನುವವರಿಗೆ ಎಂಟು ಕಿಲೋಮೀಟರ್ ದೂರದ ಮತ್ತೂರಿನ ಕಡೆಯ ರಸ್ತೆ ಇನ್ನೂ ಹಿತ. ತೋಟ ಗದ್ದೆಗಳ ನಡುವೆ ಓಡುವುದರಿಂದ ಬಿಸಿಲೂ ಕಡಿಮೆ.

ಬಿ.ಎಚ್. (ಬೆಂಗಳೂರು-ಹೊನ್ನಾವರ) ರಸ್ತೆಯ ಮೇಲೆ ಒಂದು ಎಚ್ಚರ ಅಗತ್ಯ. ಬೆಂಗಳೂರಿನಿಂದ ಬರುವ ರಾತ್ರಿ ಬಸ್ಸುಗಳು ಊರು ಸೇರುವುದು ಬೆಳಗಿನ ಜಾವವೇ. ನಿದ್ದೆಗೆಟ್ಟ ಚಾಲಕರಿರುವ ಆ ಹೊತ್ತಿನಲ್ಲಿ ಸೇತುವೆಯ ಮೇಲೆ ಪಾದಚಾರಿ ಮಾರ್ಗ ಬಿಟ್ಟು ಇಳಿಯಬಾರದು.

ಹಿಂದಿನವರ ಜವಾಬ್ದಾರಿ

ಗುಂಪಿಗೆ ಕನಿಷ್ಠ ಮೂವರು ಹೊಣೆಗಾರರು ಬೇಕು. ಮುಂದೆ ಓಡುವವರೊಬ್ಬರಿಗೆ ದಾರಿ ಬಾಯಿಪಾಠವಾಗಿರಬೇಕು. ನಡುವಿನವರೊಬ್ಬರು ಗೊತ್ತಾದ ವೇಗವನ್ನು ಏರಿಳಿತವಿಲ್ಲದೆ ಕಾಯ್ದುಕೊಳ್ಳುವವರಾಗಿರಬೇಕು. ಮೂರನೆಯವರು, ನನ್ನ ಲೆಕ್ಕದಲ್ಲಿ ಎಲ್ಲರಿಗಿಂತ ಮುಖ್ಯರಾದವರು, ಗುಂಪಿನ ತೀರ ಹಿಂದೆ ಓಡುತ್ತಾರೆ. ಅವರ ಹಿಂದೆ ಯಾರೂ ಇರಕೂಡದು. ಈ ಕೆಲಸವನ್ನು ಬಲಹೀನರಿಗೆ ವಹಿಸುವುದು ವಾಡಿಕೆಯಾಗಿದೆ, ಅದು ತಪ್ಪು. ಅರ್ಧ ದಾರಿಯಲ್ಲಿ ಕಾಲು ಹಿಡಿದುಕೊಂಡವರ ಜೊತೆ ಎರಡು ಕಿಲೋಮೀಟರ್ ನಡೆದು, ಅಗತ್ಯಬಿದ್ದರೆ ಓಡಿಹೋಗಿ ಸಹಾಯ ತರಬಲ್ಲ ಗಟ್ಟಿ ಓಟಗಾರರೇ ಅಲ್ಲಿರಬೇಕು. ಅವರ ಬಳಿ ಚಾರ್ಜ್ ಇರುವ ಫೋನ್, ನೂರಿನ್ನೂರು ರೂಪಾಯಿ ನಗದು, ಒಂದು ಕ್ರೇಪ್ ಬ್ಯಾಂಡೇಜ್, ಎರಡು ಓಆರ್‌ಎಸ್ ಪೊಟ್ಟಣ ಮತ್ತು ಸೀಟಿ ಇರಬೇಕು. ಪ್ರತಿ ವಾರ ಸರದಿಯ ಮೇಲೆ ಬೇರೆಯವರು ಈ ಹೊಣೆ ಹೊತ್ತರೆ ಯಾರ ಅಭ್ಯಾಸವೂ ಕೆಡುವುದಿಲ್ಲ.

ಹೊರಡುವ ಮೊದಲು ಒಂದು ನೋಟ್‌ಪುಸ್ತಕದಲ್ಲಿ ಬಂದವರ ಹೆಸರು, ಮನೆಯವರ ಫೋನ್ ನಂಬರು, ಅಂದು ಓಡಲಿರುವ ದೂರ, ಮರಳಿ ಬರುವ ಅಂದಾಜು ಹೊತ್ತು ಇವನ್ನು ಬರೆಸಿಕೊಳ್ಳಬೇಕು. ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯದ ತೊಂದರೆ ಇರುವವರು ಅದನ್ನು ಹಿಂದೆ ಓಡುವವರಿಗೆ ಖಾಸಗಿಯಾಗಿ ತಿಳಿಸಿದರೆ ಸಾಕು, ಪುಸ್ತಕದಲ್ಲಿ ಬರೆಯಬೇಕಾಗಿಲ್ಲ. ಮರಳಿದವರು ತಮ್ಮ ಹೆಸರಿನ ಮುಂದೆ ಗುರುತು ಹಾಕಬೇಕು. ಗುರುತು ಬೀಳದ ಹೆಸರು ಒಂದಿದ್ದರೂ ಅಂದಿನ ಓಟ ಮುಗಿದಿಲ್ಲವೆಂದೇ ಲೆಕ್ಕ. ಒಬ್ಬ ಹೊಣೆಗಾರರಾದರೂ ಅಲ್ಲಿಯೇ ನಿಂತಿರಬೇಕು.

ಶನಿವಾರದ ಸಂದೇಶ

ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ಚಿತ್ರಗಳು ತುಂಬಿಕೊಂಡರೆ ಕೆಲಸದ ಮಾತು ಹೂತುಹೋಗುವುದರಿಂದ, ಪ್ರಕಟಣೆಗೆಂದೇ ಬೇರೆ ಗುಂಪು ಇಟ್ಟು, ಹೊಣೆಗಾರರು ಮಾತ್ರ ಅದರಲ್ಲಿ ಬರೆಯುವಂತೆ ಮಾಡಬೇಕು. ಶನಿವಾರ ಸಂಜೆ ಆರರ ಒಳಗೆ ಒಂದೇ ಸಂದೇಶ ಹೋಗಬೇಕು. ಅದು ಹೀಗಿದ್ದರೆ ಸಾಕಾಗುತ್ತದೆ: "ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ 5.15ಕ್ಕೆ ಕ್ರೀಡಾಂಗಣದ ಮುಂದೆ ಸೇರುವುದು, 5.30ಕ್ಕೆ ಸರಿಯಾಗಿ ಹೊರಡುವುದು. ದಾರಿ: ಸೇತುವೆ, ಸಹ್ಯಾದ್ರಿ ಕಾಲೇಜು, ಹಿಂದಕ್ಕೆ, ಆಮೇಲೆ ನೂರಡಿ ರಸ್ತೆ ಸುತ್ತು. ಮೊದಲ ಸುತ್ತಿಗೇ ನಿಲ್ಲಿಸುವವರು ನಿಲ್ಲಿಸಬಹುದು. ಹಿಂದೆ ಓಡುವವರು ಈ ವಾರ ಇಬ್ಬರಿದ್ದಾರೆ, ಹೊಸಬರು ಧಾರಾಳವಾಗಿ ಬನ್ನಿ. ತಲೆದೀಪ ಅಥವಾ ಟಾರ್ಚ್ ತನ್ನಿ. ನಿಮ್ಮ ಬಾಟಲಿ ನೀವೇ ತನ್ನಿ." ವೇಗದ ಬಗ್ಗೆ ಇದರಲ್ಲಿ ಒಂದು ಮಾತೂ ಇಲ್ಲದಿರುವುದನ್ನು ಗಮನಿಸಬೇಕು. ವೇಗದವರಿಗೆ ತಮ್ಮ ವೇಗ ಗೊತ್ತಿರುತ್ತದೆ.

ಪೊಲೀಸರಿಗೆ ತಿಳಿಸುವುದು

ರಸ್ತೆ ತಡೆಯದೆ, ಧ್ವನಿವರ್ಧಕವಿಲ್ಲದೆ ಅಂಚಿನಲ್ಲಿ ಓಡಿಹೋಗುವ ಸಣ್ಣ ಗುಂಪಾದರೂ ಸಂಚಾರ ಪೊಲೀಸ್ ಠಾಣೆಗೆ ದಾರಿ, ಹೊತ್ತು ಮತ್ತು ಇಬ್ಬರು ಹೊಣೆಗಾರರ ನಂಬರು ಇರುವ ಪತ್ರವೊಂದನ್ನು ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡಿರುವುದು ಜಾಣತನ. ಬಹುಮಾನ, ಕಮಾನು, ಮೈಕು ಎಂದು ಹೊರಟರೆ ಅದು ವಾರದ ಓಟವಾಗಿ ಉಳಿಯದೆ ಕಾರ್ಯಕ್ರಮವಾಗುತ್ತದೆ. ಅದಕ್ಕೆ ಮೊದಲೇ ಅನುಮತಿ ಪಡೆಯಬೇಕು. ಕೋಟೆ ಮಾರಿಕಾಂಬ ಜಾತ್ರೆ, ಗಣಪತಿ ವಿಸರ್ಜನೆಯ ಮೆರವಣಿಗೆ, ದಸರೆಯ ದಿನಗಳಲ್ಲಿ ಗಾಂಧಿ ಬಜಾರಿನ ಸುತ್ತಮುತ್ತಲಿನ ದಾರಿಗಳನ್ನು ಬಿಟ್ಟುಬಿಡಬೇಕು.

ರಸ್ತೆಯ ಮೇಲಿನ ನಡವಳಿಕೆ

ಪಾದಚಾರಿ ಮಾರ್ಗವಿಲ್ಲದ ಕಡೆ ರಸ್ತೆಯ ಬಲ ಅಂಚಿನಲ್ಲಿ, ಎದುರು ಬರುವ ವಾಹನಗಳು ಕಣ್ಣಿಗೆ ಕಾಣುವಂತೆ ಓಡಬೇಕು. ಇಬ್ಬರಿಗಿಂತ ಹೆಚ್ಚು ಜನ ಅಕ್ಕಪಕ್ಕ ಸಾಗಬಾರದು, ಹೆದ್ದಾರಿಯಲ್ಲಿ ಒಬ್ಬರ ಹಿಂದೊಬ್ಬರು. ಕಿವಿಗೆ ಇಯರ್‌ಫೋನ್ ಬೇಡ. ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯಿರುವ ಜಾಕೆಟ್ಟನ್ನು ಮುಂದಿನವರೂ ಹಿಂದಿನವರೂ ಕಡ್ಡಾಯವಾಗಿ ತೊಡಬೇಕು, ಉಳಿದವರು ಬಿಳಿ ಅಥವಾ ತಿಳಿಬಣ್ಣದ ಅಂಗಿ ಹಾಕಿದರೂ ನಡೆಯುತ್ತದೆ. ಹೊಂಡ ಕಂಡವರು ಕೈ ತೋರಿಸಿ "ಹೊಂಡ" ಎಂದು ಕೂಗಬೇಕು, ಆ ಕೂಗು ಹಿಂದಿನವರೆಗೂ ದಾಟಬೇಕು.

ನಾಯಿ ಬೊಗಳಿಕೊಂಡು ಬಂದರೆ ಓಟ ನಿಲ್ಲಿಸಿ, ಅದರ ಕಣ್ಣನ್ನು ದಿಟ್ಟಿಸದೆ, ಮೆಲ್ಲಗೆ ನಡೆದು ಅದರ ಜಾಗ ದಾಟಬೇಕು. ಕಲ್ಲು ಹೊಡೆದರೆ ಮುಂದಿನ ವಾರವೂ ಅದು ನಿಮ್ಮನ್ನು ನೆನಪಿಟ್ಟುಕೊಂಡಿರುತ್ತದೆ. ಕಚ್ಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಮೊದಲ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ನಗರದೊಳಗಿನ ದಾರಿಗಳಿಗೆ ಮೆಗ್ಗಾನ್ ಆಸ್ಪತ್ರೆ ಹತ್ತಿರದಲ್ಲಿದೆ. ಅರಿಶಿನ, ಸುಣ್ಣ, ಖಾರದಪುಡಿ ಮೆತ್ತುವ ಅಭ್ಯಾಸ ಇನ್ನೂ ಕೆಲವೆಡೆ ಇರುವುದರಿಂದ, ಅದನ್ನು ಮಾಡಕೂಡದೆಂದು ಗುಂಪಿಗೆ ಮೊದಲೇ ಹೇಳಿಡಬೇಕು.

ನೀರು ಮತ್ತು ತಿನಿಸು

ಒಂದು ಗಂಟೆಯೊಳಗಿನ ಓಟಕ್ಕೆ ಬರೀ ನೀರು ಸಾಕು. ಅದಕ್ಕಿಂತ ಹೆಚ್ಚಾದರೆ ಬಾಯಾರಿಕೆಗೆ ತಕ್ಕಂತೆ ಗಂಟೆಗೆ ಅರ್ಧ ಲೀಟರಿನ ಆಸುಪಾಸು ಕುಡಿಯಬೇಕು. ಬೆವರು ಹೆಚ್ಚಿರುವವರಿಗೆ ಇನ್ನೂ ಸ್ವಲ್ಪ ಬೇಕಾಗುತ್ತದೆ. ಬಾಯಾರಿಕೆಯಿಲ್ಲದಿದ್ದರೂ ಬಲವಂತವಾಗಿ ಲೀಟರುಗಟ್ಟಲೆ ನೀರು ಕುಡಿದರೆ ರಕ್ತದಲ್ಲಿನ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮನೆಯಲ್ಲೇ ದ್ರಾವಣ ಮಾಡುವವರು ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ ಮತ್ತು ಅರ್ಧ ಸಮ ಟೀ ಚಮಚ ಉಪ್ಪು ಹಾಕಬೇಕು. ಉಪ್ಪು ಕೈಯಳತೆಯಲ್ಲಿ ಬೀಳಬಾರದು. ತೊಂಬತ್ತು ನಿಮಿಷ ಮೀರಿದ ಓಟಕ್ಕೆ ಗಂಟೆಗೆ ಮೂವತ್ತರಿಂದ ಅರವತ್ತು ಗ್ರಾಂ ಕಾರ್ಬೋಹೈಡ್ರೇಟ್ ಬೇಕಾಗುತ್ತದೆ. ಏಲಕ್ಕಿ ಬಾಳೆಹಣ್ಣು, ಬೆಲ್ಲದ ಚೂರು, ಖರ್ಜೂರ, ಕಡಲೆ ಚಿಕ್ಕಿ ಇವೆಲ್ಲ ಇದಕ್ಕೆ ಒದಗುತ್ತವೆ. ದುಬಾರಿ ಜೆಲ್ ಪೊಟ್ಟಣಗಳಿಲ್ಲದೆಯೂ ಹಾಫ್ ಮ್ಯಾರಥಾನ್ ಓಡಬಹುದು. ಬಿಸಾಡುವ ಲೋಟಗಳ ಬದಲು ತಮ್ಮದೇ ಬಾಟಲಿ ತರುವ ನಿಯಮ ಮಾಡಿದರೆ ಕಸ ಹೆಕ್ಕುವ ಕೆಲಸ ತಪ್ಪುತ್ತದೆ.

ಮಳೆ, ಸಿಡಿಲು ಮತ್ತು ಕಾಡಿನಂಚು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನಿಂತ ಮೇಲೆ ಓಡುತ್ತೇವೆ ಎಂದರೆ ಮಲೆನಾಡಿನಲ್ಲಿ ಓಡುವುದೇ ಇಲ್ಲ. ಜಡಿಮಳೆಯಲ್ಲಿ ಓಡಬಹುದು, ನೀರು ತುಂಬಿದ ಹೊಂಡವನ್ನು ಮಾತ್ರ ನಂಬಬಾರದು, ಅದರ ಆಳ ಯಾರಿಗೂ ಕಾಣುವುದಿಲ್ಲ. ಪಾಚಿಗಟ್ಟಿದ ಪಾದಚಾರಿ ಮಾರ್ಗಕ್ಕಿಂತ ಒರಟು ಡಾಂಬರು ಸುರಕ್ಷಿತ. ತುಂಗೆ ತುಂಬಿ ಹರಿಯುವ ದಿನಗಳಲ್ಲಿ ನದಿದಂಡೆಯ ದಾರಿ ಬಿಡಬೇಕು. ತೊಡೆಸಂದು, ಕಂಕುಳಿಗೆ ಹೊರಡುವ ಮೊದಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಸವರಿಕೊಂಡರೆ ಒದ್ದೆ ಬಟ್ಟೆ ಉಜ್ಜಿ ಚರ್ಮ ಕಿತ್ತುಬರುವುದಿಲ್ಲ. ಒದ್ದೆ ಶೂಗಳೊಳಗೆ ಹಳೆಯ ದಿನಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ ನೆರಳಲ್ಲಿ ಒಣಗಿಸಬೇಕು. ಬಚ್ಚಲೊಲೆಯ ಪಕ್ಕ ಇಟ್ಟರೆ ಅಟ್ಟೆಯ ಅಂಟು ಬಿಡುತ್ತದೆ.

ಸಿಡಿಲಿನ ವಿಷಯದಲ್ಲಿ ರಾಜಿಯಿಲ್ಲ. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಓಟ ನಿಲ್ಲಿಸಿ ಕಟ್ಟಡದೊಳಗೆ ಸೇರಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಮರದಡಿ ನಿಲ್ಲಬಾರದು. ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವ ಮಳೆಯಲ್ಲಿ ಈ ನಿಯಮ ಹೆಚ್ಚು ಬಳಕೆಗೆ ಬರುತ್ತದೆ.

ಊರ ಹೊರಗೆ ಕಾಡಿನಂಚಿನಲ್ಲಿ ಓಡುವ ಆಸೆ ಎಲ್ಲ ಗುಂಪಿಗೂ ಒಂದಲ್ಲ ಒಂದು ದಿನ ಬರುತ್ತದೆ. ಡಾಂಬರು ರಸ್ತೆ ಬಿಟ್ಟು ಅಭಯಾರಣ್ಯದ ಕಾಲುದಾರಿಗೆ ಇಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆನೆ ಬಿಡಾರವಿರುವ ಸಕ್ರೆಬೈಲಿನ ಆಸುಪಾಸಿನಲ್ಲಿ ಬೆಳಕು ಹರಿಯುವ ಮೊದಲು ಓಡುವುದಂತೂ ಬೇಡ. ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ. ಮಳೆ ಮುಗಿದು ಒಣಹವೆ ಶುರುವಾದ ಮೇಲೆ, ಮುಖ್ಯವಾಗಿ ಡಿಸೆಂಬರಿನಿಂದ ಮೇವರೆಗೆ, ಇದರ ಕಾಟ ಹೆಚ್ಚು. ಆ ತಿಂಗಳುಗಳಲ್ಲಿ ತರಗೆಲೆ ತುಂಬಿದ ಕಾಲುದಾರಿಗಳನ್ನು ಪೂರ್ತಿಯಾಗಿ ಬಿಡುವುದೇ ಸರಿ. ಬಿಡಲಾಗದವರು ಉದ್ದ ಕಾಲುಚೀಲ ತೊಟ್ಟು, ಆರೋಗ್ಯ ಇಲಾಖೆ ಸೂಚಿಸುವ ಉಣುಗು ನಿವಾರಕ ಎಣ್ಣೆ ಹಚ್ಚಿಕೊಂಡು, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಇಂಬಳದ ಚಿಂತೆ ಬೇಡ, ಅದು ಕಿರಿಕಿರಿಯೇ ಹೊರತು ರೋಗವಲ್ಲ.

ದೂರ ಹೆಚ್ಚಿಸುವ ಕ್ರಮ

ದೂರದ ಓಟ ನಿಧಾನವಾಗಿರಬೇಕು. ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತನಾಡಲು ಆಗದಿದ್ದರೆ ವೇಗ ಹೆಚ್ಚಾಯಿತೆಂದೇ ತಿಳಿಯಬೇಕು. ವಾರಕ್ಕೆ ಒಂದೋ ಎರಡೋ ಕಿಲೋಮೀಟರ್ ಏರಿಸಿ, ನಾಲ್ಕನೇ ವಾರ ಇಳಿಸುವುದು ಬಳಕೆಯಲ್ಲಿರುವ ಕ್ರಮ. ಎಂಟು ಕಿಲೋಮೀಟರ್ ಸಲೀಸಾಗಿ ಓಡುವವರು ಎಂಟು, ಒಂಬತ್ತು, ಹತ್ತು, ಮತ್ತೆ ಎಂಟು. ಹನ್ನೊಂದು, ಹನ್ನೆರಡು, ಹದಿನಾಲ್ಕು, ಮತ್ತೆ ಹತ್ತು. ಹದಿನೈದು, ಹದಿನಾರು, ಹದಿನೆಂಟು, ಮತ್ತೆ ಹನ್ನೆರಡು ಹೀಗೆ ಹನ್ನೆರಡು ವಾರ ನಡೆಸಿದರೆ ಹಾಫ್ ಮ್ಯಾರಥಾನಿಗೆ ಅಣಿಯಾಗುತ್ತಾರೆ. ವಾರದ ನಡುವೆ ಎರಡು ಮೂರು ಸಣ್ಣ ಓಟಗಳೂ ಇರಬೇಕು. ಬರೀ ಭಾನುವಾರ ಮಾತ್ರ ಓಡುವವರಿಗೆ ಮೊಣಕಾಲು ನೋವು ಬೇಗ ಬರುತ್ತದೆ. ಹೊಸಬರು ನಾಲ್ಕು ನಿಮಿಷ ಓಡಿ ಒಂದು ನಿಮಿಷ ನಡೆಯುವ ಕ್ರಮ ಹಿಡಿಯಬಹುದು, ಅದರಲ್ಲಿ ಅವಮಾನವೇನಿಲ್ಲ.

ಅವಘಡವಾದರೆ

ಎದೆನೋವು, ತಲೆಸುತ್ತು, ಮೂರ್ಛೆ ಬಂದಂತಾಗುವುದು ಇವುಗಳಲ್ಲಿ ಯಾವುದು ಕಂಡರೂ ಓಟ ಅಲ್ಲಿಗೇ ಮುಗಿಯಿತು. 108 ಅಥವಾ 112ಕ್ಕೆ ಕರೆ ಮಾಡಬೇಕು. ಕುಸಿದುಬಿದ್ದವರು ಉಸಿರಾಡುತ್ತಿಲ್ಲವಾದರೆ ಕೂಡಲೇ ಎದೆಯ ನಡುವೆ ನಿಮಿಷಕ್ಕೆ ನೂರರಿಂದ ನೂರಿಪ್ಪತ್ತರಂತೆ, ಐದು ಸೆಂಟಿಮೀಟರಿನಷ್ಟು ಆಳ ಒತ್ತಬೇಕು. ಗುಂಪಿನ ನಾಲ್ಕು ಜನವಾದರೂ ಇದನ್ನು ವೈದ್ಯರಿಂದ ಕೈಯಾರೆ ಕಲಿತಿರಬೇಕು. ಬಿಸಿಲಿನಲ್ಲಿ ಓಡುವಾಗ ಯಾರಾದರೂ ಅಸಂಬದ್ಧವಾಗಿ ಮಾತನಾಡತೊಡಗಿದರೆ, ತೂರಾಡಿದರೆ, ಆಂಬುಲೆನ್ಸ್ ಬರುವವರೆಗೆ ಕಾಯದೆ ನೆರಳಿಗೆ ಒಯ್ದು, ಸಿಕ್ಕ ತಣ್ಣೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸುತ್ತಿರಬೇಕು.

ಹಣ ಮತ್ತು ಹೊಣೆಗಾರಿಕೆ

ಸದಸ್ಯತ್ವ ಶುಲ್ಕ ಬೇಡ. ನೀರಿನ ಕ್ಯಾನು, ಬಾಳೆಹಣ್ಣಿನ ಖರ್ಚನ್ನು ಬಂದವರು ಅಂದಂದೇ ಹಂಚಿಕೊಂಡರೆ ಲೆಕ್ಕದ ತಕರಾರು ಹುಟ್ಟುವುದಿಲ್ಲ. ಓಟದ ನಂತರ ಯಾವ ಹೋಟೆಲಿನಲ್ಲಿ ತಿಂಡಿ ಎಂಬ ಚರ್ಚೆ ದಾರಿಯ ಚರ್ಚೆಗಿಂತ ದೀರ್ಘವಾಗುವುದುಂಟು. ಅದನ್ನು ತಡೆಯಲು ಹೋಗಬಾರದು, ಆದರೆ ಕೊನೆಯವರು ಬಂದು ಸೇರುವವರೆಗೆ ಯಾರೂ ಹೋಟೆಲಿಗೆ ಹೊರಡಕೂಡದೆಂಬ ಒಂದು ನಿಯಮವನ್ನು ಮಾತ್ರ ಬಿಗಿಯಾಗಿ ಇಡಬೇಕು.

ಗುಂಪು ಮೂವತ್ತು ಜನ ಮೀರಿದರೆ ಎರಡಾಗಿ ಒಡೆಯಬೇಕು. ಮೊದಲ ಗುಂಪು ಹೊರಟ ಐದು ನಿಮಿಷಕ್ಕೆ ಎರಡನೆಯದು ಹೊರಡಲಿ, ಎರಡಕ್ಕೂ ಹಿಂದೆ ಓಡುವವರು ಬೇರೆ ಬೇರೆ ಇರಲಿ. ನೋಟ್‌ಪುಸ್ತಕ, ಬ್ಯಾಂಡೇಜಿನ ಚೀಲ, ಜಾಕೆಟ್ಟುಗಳು ಒಬ್ಬರ ಮನೆಯಲ್ಲೇ ಉಳಿದರೆ ಅವರು ನೆಂಟರ ಮದುವೆಗೆ ಹೋದ ಭಾನುವಾರ ಓಟವೇ ನಿಂತುಹೋಗುತ್ತದೆ. ಆದ್ದರಿಂದ ಓಟ ಮುಗಿದ ಕೂಡಲೇ, ಮುಂದಿನ ವಾರ ಹಿಂದೆ ಓಡಲಿರುವವರ ಹೆಸರನ್ನು ಪುಸ್ತಕದಲ್ಲಿ ಬರೆದು, ಚೀಲವನ್ನು ಅಲ್ಲಿಯೇ ಅವರ ಕೈಗೆ ಒಪ್ಪಿಸಿಬಿಡಬೇಕು.